ಬಿಚ್ಚಿ ಅನ್ನುವ ಮೊದಲು: ಕಸೂತಿ ಬಳಗದಲ್ಲಿ ಹೇಗೆ ನಡೆದುಕೊಳ್ಳಬೇಕು

ಅಂಗೈ ಅಗಲದ ಒಂದು ಗೋಪುರದ ಚಿತ್ತಾರ ಹಾಕೋದಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆ ಅನ್ನೋದು ಕಸೂತಿ ಹಾಕಿದವರಿಗೆ ಗೊತ್ತು. ಮನೆ ಕೆಲಸ ಮುಗಿಸಿ, ದೀಪದ ಕೆಳಗೆ ಕೂತು ಬಟ್ಟೆಯ ಎಳೆ ಎಣಿಸುತ್ತಾ ಹೋದರೆ ಹಲವು ಸಂಜೆಗಳು ಬೇಕು. ಇಳಕಲ್ ಸೀರೆಯ ಸೆರಗಿಗೆ ಹಾಕ್ತೀನಿ ಅಂದರೆ ತಿಂಗಳುಗಟ್ಟಲೆ ಕೆಲಸ. ಹಾಗೆ ಹಾಕಿದ್ದನ್ನು ಒಬ್ಬಾಕೆ ಫೋಟೋ ತೆಗೆದು ಬಳಗಕ್ಕೆ ಕಳಿಸುತ್ತಾಳೆ. ಅದರ ಕೆಳಗೆ ನಾವು ಬರೆಯುವ ಒಂದು ಸಾಲು ನೋಡಿ ಆಕೆ ಮತ್ತೆ ಸೂಜಿ ಹಿಡಿಯಬಹುದು, ಇಲ್ಲಾ ಬಟ್ಟೆ ಮಡಚಿ ಟ್ರಂಕಿಗೆ ಹಾಕಬಹುದು. ಎರಡೂ ಆಗೋದನ್ನು ನಾನು ನೋಡಿದ್ದೇನೆ.

ಹುಬ್ಬಳ್ಳಿಯಲ್ಲಿ ನಮ್ಮದು ಸಣ್ಣ ಫಾಲ್-ಪಿಕೋ ಅಂಗಡಿ. ಹಗಲೆಲ್ಲ ಮಷಿನ್ ಮುಂದೆ ಇರುತ್ತೇನೆ, ಕಸೂತಿ ಮಾತ್ರ ನನ್ನ ಖುಷಿಗೆ. ನಮ್ಮ ಬಳಗದಲ್ಲಿ ಹುಬ್ಬಳ್ಳಿ, ಧಾರವಾಡ, ಗದಗ, ಹಾವೇರಿ ಕಡೆಯವರು ಜಾಸ್ತಿ. ಲಗ್ನ ಆಗಿ ಪುಣೆ, ಬೆಂಗಳೂರು, ಇನ್ನೂ ದೂರ ಹೋದವರೂ ಇದ್ದಾರೆ. ತಿಂಗಳಿಗೊಂದು ಭಾನುವಾರ ಧಾರವಾಡದ ಮಾಳಮಡ್ಡಿಯಲ್ಲಿ ಒಬ್ಬರ ಮನೆಯಲ್ಲಿ ಸೇರುತ್ತೇವೆ. ಉಳಿದ ದಿನ ಮಾತು, ಫೋಟೋ, ಜಗಳ ಎಲ್ಲ ಫೋನಿನಲ್ಲೇ. ಬಳಗ ನೋಡಿಕೊಳ್ಳುವ ಕೆಲಸ ನನ್ನ ಪಾಲಿಗೆ ಬಂದಿದೆ. ಹೊಸಬರು ಸೇರಿದಾಗ, ಹಳಬರಿಗೆ ಸಿಟ್ಟು ಬಂದಾಗ ನಾನು ಹೇಳುವ ಮಾತುಗಳನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಪೂರ್ತಿ ನೋಡಿ

ಫೋಟೋ ಬಂದ ಕೂಡಲೇ ಹೆಬ್ಬೆರಳು ಒತ್ತಿ ಮುಂದೆ ಹೋಗೋದು ಸುಲಭ. ಒಂದು "ಸೂಪರ್", ಎರಡು ಹೂವು. ಅದರಿಂದ ಯಾರಿಗೂ ಕೆಡುಕಿಲ್ಲ, ಆದರೆ ಹಾಕಿದವಳಿಗೆ ಏನೂ ಸಿಗೋದೂ ಇಲ್ಲ. ಆಕೆಗೆ ಬೇಕಾಗಿರೋದು ಯಾರಾದರೂ ನಿಜವಾಗಿ ನೋಡಿದರು ಅನ್ನುವ ಸಮಾಧಾನ.

ಅದಕ್ಕೆ ಫೋಟೋ ದೊಡ್ಡದು ಮಾಡಿ ನೋಡಿ. ಒಂದು ಗುರುತಿನ ಮಾತು ಹೇಳಿ. "ತೇರಿನ ಗಾಲಿ ದುಂಡಗೆ ಕಾಣ್ತದ, ಮೂಲೆ ಮೂಲೆ ಹೊಲಿಗೆಯಲ್ಲಿ ಅದು ಕಷ್ಟ" ಅಂತ ಬರೆದರೆ ಸಾಕು. ಕಸೂತಿಯಲ್ಲಿ ಸೂಜಿ ನೆಟ್ಟಗೆ, ಅಡ್ಡಕ್ಕೆ, ಓರೆಯಾಗಿ ಮಾತ್ರ ಹೋಗುತ್ತದೆ. ದುಂಡು ಬರಬೇಕಾದರೆ ಎಣಿಕೆಯಲ್ಲೇ ತರಬೇಕು. ಅದು ತಿಳಿದವರು ಹೊಗಳಿದ್ದಕ್ಕೆ ಬೇರೆಯದೇ ತೂಕ. "ನವಿಲಿನ ಕೊರಳಿಗೆ ಹಸಿರಿನ ಪಕ್ಕ ನೇರಳೆ ಇಟ್ಟಿದ್ದು ಒಪ್ಪಿದೆ" ಅನ್ನಿ. "ಸೆರಗಿನ ಹತ್ತಿರ ದೊಡ್ಡ ಗೋಪುರ, ಅಲ್ಲಿಂದ ದೂರ ಹೋದಂತೆ ಸಣ್ಣ ಚಿತ್ತಾರ, ಹಳೇ ಸೀರೆಗಳ ಹಾಗೇ ಇಟ್ಟಿದ್ದೀರಿ" ಅನ್ನಿ. ಹೀಗೆ ಹೇಳೋದಕ್ಕೆ ಅರ್ಧ ನಿಮಿಷ ನೋಡಬೇಕಾಗುತ್ತದೆ. ಆ ಅರ್ಧ ನಿಮಿಷವನ್ನೇ ನಾನು ಕೇಳುತ್ತಿರೋದು.

ತಪ್ಪು ಹೇಳುವ ಬಗೆ

ಇದರ ಬಗ್ಗೆ ಜಾಸ್ತಿ ಹೇಳಬೇಕು. ನಮ್ಮ ಬಳಗದಲ್ಲಿ ಮನಸ್ಸು ಮುರಿದಿರೋದೆಲ್ಲ ಇಲ್ಲೇ.

ಕಸೂತಿಯಲ್ಲಿ ಮುಖ್ಯವಾಗಿ ನಾಲ್ಕು ಹೊಲಿಗೆ: ಗವಂತಿ, ಮೆಟ್ಟಿಲ ಹಾಗೆ ಮುರಿದು ಹೋಗುವ ಮುರಗಿ, ನೇಯ್ದ ಹಾಗೆ ಕಾಣುವ ನೇಯ್ಗಿ, ಕತ್ತರಿ ಗುರುತಿನ ಮೆಂತೆ. ಕಲಿಯುವವರು ಮೊದಲು ಹಿಡಿಯೋದು ಗವಂತಿ. ಹೋಗುವಾಗ ನಾಲ್ಕು ಎಳೆ ಮೇಲೆ, ನಾಲ್ಕು ಎಳೆ ಕೆಳಗೆ ಅಂತ ಗೆರೆ ಹಾಕಿಕೊಂಡು ಹೋಗುತ್ತೇವೆ. ಬರುವಾಗ ಬಿಟ್ಟ ಜಾಗ ತುಂಬಿಕೊಂಡು ಬರುತ್ತೇವೆ. ಆಗ ಬಟ್ಟೆಯ ಎರಡೂ ಮಗ್ಗುಲು ಒಂದೇ ಥರ ಕಾಣುತ್ತದೆ. ಬಟ್ಟೆಯ ಮೇಲೆ ಪೆನ್ಸಿಲ್ ಗುರುತು ಇರೋದಿಲ್ಲ, ಎಲ್ಲವೂ ಎಣಿಕೆ.

ಹೋಗುವಾಗ ಒಂದು ಕಡೆ ನಾಲ್ಕರ ಬದಲು ಐದು ಎಳೆ ಸೂಜಿಗೆ ಬಂತು ಅಂದುಕೊಳ್ಳಿ. ಆಗ ಏನೂ ಗೊತ್ತಾಗೋದಿಲ್ಲ. ಗೆರೆ ನೆಟ್ಟಗೇ ಇರುತ್ತದೆ. ವಾಪಸ್ ಬರುವಾಗಲೂ ಅದೇ ತೂತುಗಳಲ್ಲಿ ಸೂಜಿ ಇಳಿಯೋದರಿಂದ ಅನುಮಾನ ಬರೋದಿಲ್ಲ. ತಪ್ಪು ಕಾಣೋದು ಎಡಗಡೆಯ ಗೆರೆ ಬಲಗಡೆಯ ಗೆರೆಯನ್ನು ಮುಟ್ಟಬೇಕಾದ ಜಾಗದಲ್ಲಿ. ಅಲ್ಲಿ ಒಂದೇ ಒಂದು ಎಳೆಯ ಸಂದು ಉಳಿದುಬಿಡುತ್ತದೆ. ಅಂದರೆ ತಪ್ಪು ಕಾಣುವ ಜಾಗ ಒಂದು, ಆಗಿರುವ ಜಾಗ ಇನ್ನೊಂದು.

ರಾಣೆಬೆನ್ನೂರಿನ ಒಬ್ಬ ಹುಡುಗಿ ತುಳಸಿ ಬೃಂದಾವನ ಹಾಕಿ ಕಳಿಸಿದ್ದಳು. "ಅಕ್ಕಾರ, ಮ್ಯಾಲ ಯಾಕೋ ಕೂಡವಲ್ದು" ಅಂತ ಕೇಳಿದ್ದಳು. ಒಬ್ಬರು "ಪೂರಾ ತಪ್ಪೈತಿ, ಬಿಚ್ಚಿ ಹಾಕು" ಅಂದರು. ಇನ್ನೊಬ್ಬರು "ನಮ್ಮ ಕಾಲದಾಗ ಎಣಿಕಿ ತಪ್ಪಿದ್ರ ಬಟ್ಟಿ ಕಸ್ಕೋತಿದ್ರು" ಅಂದರು. ಆಮೇಲೆ ಗದಗದ ಒಬ್ಬ ವೈನಿ (ಅತ್ತಿಗೆ) ಬಂದರು. "ತಂಗಿ, ಹಗಲಾಗ ಹತ್ತಿರದ್ದೊಂದು ಫೋಟೋ ಕಳಸ್ತಿ ಏನು?" ಅಂತ ಕೇಳಿದರು. ಮರುದಿನ ಫೋಟೋ ಬಂತು. ವೈನಿ ಎಣಿಸಿದರು. ಅವರು ಬರೆದದ್ದು ಇಷ್ಟು: "ಕಟ್ಟಿ ಭಾಳ ಛಲೋ ಬಂದೈತಿ. ಬಲಗಡೆ ಎರಡನೇ ಮೆಟ್ಟಲದಾಗ ಒಂದು ಹೊಲಿಗಿ ಐದು ಎಳಿ ಮ್ಯಾಲ ಹೋಗೇತಿ ನೋಡು. ಅಲ್ಲೀತನಕ ಬಿಚ್ಚಿದ್ರ ಸಾಕು. ಕೆಳಗಿಂದು ಮುಟ್ಟಬ್ಯಾಡ."

ಆ ಹುಡುಗಿ ಬಿಚ್ಚಿದ್ದು ಬೃಂದಾವನದ ಮೇಲಿನ ಸ್ವಲ್ಪ ಭಾಗ ಮಾತ್ರ. ಮೊದಲ ಇಬ್ಬರ ಮಾತು ಕೇಳಿದ್ದರೆ ಪೂರ್ತಿ ಹೋಗುತ್ತಿತ್ತು. ಇನ್ನೂ ಒಂದು ಅಪಾಯ ಇತ್ತು. ತಪ್ಪು ಕಂಡ ತುದಿಯಲ್ಲಿ ಮಾತ್ರ ನಾಲ್ಕು ಹೊಲಿಗೆ ಬಿಚ್ಚಿ ಮತ್ತೆ ಹಾಕಿದ್ದರೆ ಅದೇ ಸಂದು ಮತ್ತೆ ಬರುತ್ತಿತ್ತು. ಎರಡನೇ ಸಲವೂ ಹಾಗಾದರೆ ಕಲಿಯುವವರು "ನನ್ನ ಕೈಗೆ ಇದು ಹತ್ತೋದಿಲ್ಲ" ಅಂದುಕೊಳ್ಳುತ್ತಾರೆ.

ಹಾಗಾಗಿ ನಾನು ಹೊಸಬರಿಗಿಂತ ಹಳಬರಿಗೇ ಇದನ್ನು ಹೆಚ್ಚು ಹೇಳುತ್ತೇನೆ. ತಪ್ಪಿದೆ ಅಂತ ಹೇಳಬೇಕಾದರೆ ಎಲ್ಲಿದೆ ಅಂತ ಹುಡುಕಿ ಹೇಳಿ. ಹುಡುಕುವಷ್ಟು ಪುರಸೊತ್ತು ಇಲ್ಲವಾದರೆ ಸುಮ್ನೆ ಇರಿ, ಇನ್ನೊಬ್ಬರು ಹೇಳುತ್ತಾರೆ. ಬಿಚ್ಚಬೇಕು ಅನ್ನೋದಾದರೆ ಎಲ್ಲಿಯವರೆಗೆ ಅನ್ನೋದನ್ನೂ ಅದೇ ಉಸಿರಿನಲ್ಲಿ ಹೇಳಿ. ಎಷ್ಟು ಉಳಿಯುತ್ತದೆ ಅನ್ನೋದನ್ನು ಮೊದಲು ಹೇಳಿದರೆ ಇನ್ನೂ ಒಳ್ಳೆಯದು. ಮೆತ್ತಗೆ ಮಾತಾಡೋದು ಬೇಕು, ನಿಜ. ಆದರೆ ಮೆತ್ತಗೆ ಮಾತಾಡಿ ತಪ್ಪು ಜಾಗ ತೋರಿಸಿದರೆ ಆಕೆಯ ಇನ್ನೆರಡು ಸಂಜೆ ಹೋದವು. ಸರಿಯಾಗಿ ಎಣಿಸಿ ಹೇಳೋದೇ ದೊಡ್ಡ ಉಪಕಾರ.

ಎಲ್ಲ ತಪ್ಪಿಗೂ ಬಿಚ್ಚಲೇಬೇಕು ಅಂತಿಲ್ಲ. ಒಳಗೆ ತುಂಬುವ ಗೆರೆಯಲ್ಲಿ ಒಂದು ಎಳೆ ಹೆಚ್ಚುಕಡಿಮೆ ಆದರೆ ಪಕ್ಕದ ಹೊಲಿಗೆಯಲ್ಲಿ ಸರಿದೂಗಿಸಬಹುದು. ಹೊರಗಿನ ಗೆರೆಯಲ್ಲಿ, ಅದರಲ್ಲೂ ಅಂಚಿನ ಸಾಲಿನಲ್ಲಿ ಹಾಗೆ ಬಿಡೋಕಾಗೋದಿಲ್ಲ. ಒಂದು ಎಳೆಯ ತಪ್ಪು ಮುಂದಿನ ಚಿತ್ತಾರಕ್ಕೂ, ಅದರ ಮುಂದಿನದಕ್ಕೂ ಹೋಗುತ್ತದೆ. ಈ ವ್ಯತ್ಯಾಸ ಗೊತ್ತಿರುವವರು ಅದನ್ನು ಹೇಳಿಕೊಡಬೇಕು. "ಇದು ಹಾಗೇ ಇರಲಿ, ಯಾರಿಗೂ ಕಾಣೋದಿಲ್ಲ" ಅನ್ನುವ ಮಾತನ್ನು ಅನುಭವಸ್ಥರು ಹೇಳಿದಾಗ ಹೊಸಬರಿಗೆ ಎಷ್ಟು ಧೈರ್ಯ ಬರುತ್ತದೆ ಅಂತ ನೋಡಬೇಕು ನೀವು.

ಬಿಚ್ಚೋದನ್ನೂ ಕಲಿಸಬೇಕಾಗುತ್ತದೆ. ಸೂಜಿಯಿಂದ ದಾರ ತೆಗೆದು, ಸೂಜಿಯ ಕಣ್ಣಿನ ಕಡೆಯಿಂದ ಒಂದೊಂದೇ ಹೊಲಿಗೆ ಎತ್ತಿ ಹಿಂದಕ್ಕೆ ಎಳೆಯಬೇಕು. ಚೂಪು ತುದಿಯಿಂದ ಎತ್ತಿದರೆ ಬಟ್ಟೆಯ ಎಳೆ ಸೀಳುತ್ತದೆ. ಬಿಚ್ಚಿದ ದಾರಕ್ಕೆ ಜುಂಗು ಬಂದಿರುತ್ತದೆ, ಅದನ್ನೇ ಮತ್ತೆ ಹಾಕೋದು ಬೇಡ. "ಬಿಚ್ಚು" ಅಂದು ಹೋಗಿಬಿಟ್ಟರೆ ಇದನ್ನೆಲ್ಲ ಹೇಳೋರು ಯಾರು?

ಕೇಳದೇ ಇದ್ದರೆ ಹೇಳಬೇಕೋ ಬೇಡವೋ ಅಂತ ನಮ್ಮಲ್ಲಿ ತುಂಬಾ ಸಲ ಮಾತು ಬಂದಿದೆ. ನನ್ನ ಲೆಕ್ಕ ಹೀಗಿದೆ. ಕೆಲಸ ಇನ್ನೂ ನಡೆದಿದ್ದರೆ, ತಿದ್ದೋಕೆ ಆಗುತ್ತದೆ ಅಂದರೆ, ಆಕೆಗೆ ಒಬ್ಬಳಿಗೇ ಬರೆದು "ಒಂದು ಕಡೆ ಎಣಿಕೆ ಹೋದ ಹಾಗಿದೆ, ಹೇಳಲಾ?" ಅಂತ ಕೇಳಿ. ಕೆಲಸ ಮುಗಿದು, ಒಗೆದು, ಇಸ್ತ್ರಿ ಆಗಿ, ಮಗಳ ಲಗ್ನದ ಸೀರೆ ಅಂತ ಫೋಟೋ ಬಂದಿದ್ದರೆ ತಪ್ಪಿನ ಮಾತೇ ಬೇಡ. ಅವತ್ತು ಅದು ಬರೀ ಕಸೂತಿ ಅಲ್ಲ, ಆ ಮನೆಯ ಹಬ್ಬ.

ಹಿಂಬದಿ ತೋರಿಸಿ ಅನ್ನೋದು

ಕಸೂತಿಯಲ್ಲಿ ಗಂಟು ಹಾಕೋದಿಲ್ಲ. ದಾರದ ಮೊದಲ ತುದಿಯನ್ನೂ ಕೊನೆಯ ತುದಿಯನ್ನೂ ಹೊಲಿಗೆಯೊಳಗೇ ಸೇರಿಸುತ್ತೇವೆ. ಹಾಗಾಗಿ ಬಲ್ಲವರು ಬಟ್ಟೆ ಕೈಗೆ ಸಿಕ್ಕ ಕೂಡಲೇ ತಿರುಗಿಸಿ ನೋಡುತ್ತಾರೆ. ಅದು ಪ್ರೀತಿಯ ಅಭ್ಯಾಸ. ಆದರೆ ನೂರು ಜನರ ಮುಂದೆ ಹೊಸಬಳಿಗೆ "ಹಿಂದಿಂದು ತೋರಿಸು" ಅಂದರೆ ಪರೀಕ್ಷೆ ಮಾಡಿದ ಹಾಗಾಗುತ್ತದೆ. ಆಕೆ ಹಿಂಬದಿ ಹೇಗಿದೆ ಅಂತ ಕೇಳಿದಾಗ ಮಾತ್ರ ಅದರ ಬಗ್ಗೆ ಮಾತಾಡಿ. ಇಲ್ಲವಾದರೆ ಭೇಟಿಯಾದಾಗ, ಪಕ್ಕದಲ್ಲಿ ಕೂತಾಗ ಹೇಳಿ.

ಇನ್ನೊಂದು ವಿಷಯ. ಎರಡೂ ಮಗ್ಗುಲು ಒಂದೇ ಥರ ಇರೋದು ಗವಂತಿ ಮತ್ತು ಮುರಗಿಯಲ್ಲಿ. ಮೆಂತೆ ಹೊಲಿಗೆ ಮುಂದೆ ಕತ್ತರಿ ಗುರುತಾಗಿ ಕಾಣುತ್ತದೆ, ಹಿಂದೆ ಹಾಗಿರೋದಿಲ್ಲ. ನೇಯ್ಗಿಯಲ್ಲಿ ಮುಂದೆ ದಾರ ಇದ್ದಲ್ಲಿ ಹಿಂದೆ ಖಾಲಿ, ಮುಂದೆ ಖಾಲಿ ಇದ್ದಲ್ಲಿ ಹಿಂದೆ ದಾರ. ಆನೆಯ ಮೈ ಮೆಂತೆಯಲ್ಲಿ ತುಂಬಿದವಳಿಗೆ "ಹಿಂದೆ ಬೇರೆ ಬಂದಿದೆಯಲ್ಲ" ಅಂತ ಆಕ್ಷೇಪ ಮಾಡಿದವರನ್ನು ನೋಡಿದ್ದೇನೆ. ಆ ಮಾತಿಗೆ ಆಕೆ ಆನೆಯನ್ನು ಬಿಚ್ಚಲು ಕೂತಿದ್ದಳು. ಯಾವ ಹೊಲಿಗೆ ಅಂತ ಕೇಳಿ ತಿಳಿದುಕೊಳ್ಳದೆ ತಪ್ಪು ಅನ್ನಬೇಡಿ.

ನಮ್ಮ ಮನೆಯ ರೀತಿ, ನಿಮ್ಮ ಮನೆಯ ರೀತಿ

ಇಳಕಲ್ ಸೀರೆಯ ಎಳೆಯನ್ನು ಬರಿಗಣ್ಣಿನಿಂದ ಎಣಿಸಿ ಹಾಕುವ ಅಜ್ಜಿಯರು ನಮ್ಮ ಬಳಗದಲ್ಲಿದ್ದಾರೆ. ಅವರ ಮುಂದೆ ನಾನು ಕೈ ಮುಗಿಯುತ್ತೇನೆ. ಆದರೆ ಈಗಿನವರು ರೇಷ್ಮೆ ಮೇಲೆ, ಕ್ರೇಪ್ ಮೇಲೆ, ಕುರ್ತಾದ ಬಟ್ಟೆ ಮೇಲೆ ಹಾಕುತ್ತಾರೆ. ಆ ಎಳೆಗಳು ಕಣ್ಣಿಗೆ ಸಿಗೋದಿಲ್ಲ. ಅದಕ್ಕೆ ಜಾಳುಜಾಳಾದ ಕ್ಯಾನ್ವಾಸ್ ಬಟ್ಟೆಯನ್ನು ಮೇಲಿಟ್ಟು, ಕಚ್ಚಾ ಹೊಲಿಗೆ ಹಾಕಿ, ಅದರ ಚೌಕ ಎಣಿಸಿ ಕಸೂತಿ ಹಾಕುತ್ತಾರೆ. ಮುಗಿದ ಮೇಲೆ ಕ್ಯಾನ್ವಾಸಿನ ಎಳೆಗಳನ್ನು ಒಂದೊಂದಾಗಿ ಎಳೆದು ತೆಗೆಯುತ್ತಾರೆ. ಹೊಲಿಗೆ ಮಾತ್ರ ಸೀರೆಯ ಮೇಲೆ ಉಳಿಯುತ್ತದೆ.

"ಇದು ಕಸೂತಿನೇ ಅಲ್ಲ" ಅಂತ ಯಾರೋ ಒಬ್ಬರು ಅಂದರೆ ಮೂರು ದಿನ ಬಳಗದಲ್ಲಿ ಬೇರೆ ಮಾತಿಲ್ಲ. ನನ್ನ ಅಭಿಪ್ರಾಯ ಸ್ಪಷ್ಟ ಇದೆ. ಎಣಿಕೆ ಅದೇ, ಹೊಲಿಗೆ ಅದೇ, ಗಂಟಿಲ್ಲದ ನೇಮವೂ ಅದೇ. ಕ್ಯಾನ್ವಾಸ್ ಇಟ್ಟುಕೊಂಡವರು ಮೋಸ ಮಾಡಿಲ್ಲ. ಬರಿಗಣ್ಣಿನಿಂದ ಎಣಿಸುವವರ ಕಸುಬು ದೊಡ್ಡದು ಅಂತ ಹೇಳೋದಕ್ಕೆ ಇನ್ನೊಬ್ಬರದನ್ನು ಸಣ್ಣದು ಮಾಡಬೇಕಾಗಿಲ್ಲ. ರಿಂಗ್ ಹಾಕಿ ಬಿಗಿದು ಹಾಕೋರು, ಕೈಯಲ್ಲೇ ಹಿಡಿದು ಹಾಕೋರು, ಎರಡೂ ಇರಲಿ.

"ನಮ್ಮ ಅತ್ತಿ ಹಿಂಗ ಮಾಡ್ತಿದ್ರು" ಅಂತ ಶುರುವಾಗುವ ಮಾತು ನನಗೆ ಬಹಳ ಇಷ್ಟ. ಅದರಲ್ಲಿ ಪುಸ್ತಕದಲ್ಲಿ ಸಿಗದ ಸಂಗತಿ ಇರುತ್ತದೆ. ಚಂದ್ರಕಾಳಿ ಸೀರೆಯ ಕಪ್ಪಿನ ಮೇಲೆ ಯಾವ ಬಣ್ಣ ಮೊದಲು ಹಾಕುತ್ತಿದ್ದರು, ತೊಟ್ಟಿಲ ಚಿತ್ತಾರವನ್ನು ಯಾವ ಸೀರೆಗೆ ಹಾಕುತ್ತಿದ್ದರು, ಹೀಗೆ. ಅದನ್ನು ಹೇಳಿ, ಪೂರ್ತಿ ಹೇಳಿ. ಅದರ ಬಾಲಕ್ಕೆ "ನೀವು ಮಾಡಿದ್ದು ತಪ್ಪು" ಅಂತ ಸೇರಿಸಬೇಡಿ. ಹಾವೇರಿ ಕಡೆಯ ಮನೆಯ ರೀತಿ ಬೇರೆ ಇದ್ದೀತು, ಧಾರವಾಡದ ಓಣಿಯದು ಬೇರೆ ಇದ್ದೀತು.

ದೂರದೇಶದಲ್ಲಿರುವ ನಮ್ಮ ಒಬ್ಬ ಸದಸ್ಯೆ ಒಮ್ಮೆ ಅಲ್ಲಿಯ ಗೆಳತಿಯ ಕೈಕೆಲಸದ ಫೋಟೋ ಹಾಕಿ "ನಮ್ಮ ಗವಂತಿ ಥರನೇ ಇದೆ" ಅಂದಳು. ನಿಜವಾಗಿಯೂ ಅದೇ ಹೊಲಿಗೆ. ಯುರೋಪಿನಲ್ಲಿ ಅದಕ್ಕೆ ಹೋಲ್ಬೀನ್ ಹೊಲಿಗೆ ಅನ್ನುತ್ತಾರೆ. 16ನೇ ಶತಮಾನದ ಚಿತ್ರಕಾರ ಹಾನ್ಸ್ ಹೋಲ್ಬೀನ್ ಬರೆದ ಜನರ ಚಿತ್ರಗಳಲ್ಲಿ ಕಾಲರಿನ ಮೇಲೆ, ತೋಳಿನ ತುದಿಯ ಮೇಲೆ ಈ ಹೊಲಿಗೆ ಕಾಣುತ್ತದೆ, ಅದಕ್ಕೇ ಆ ಹೆಸರು ಬಂತು. ಕೆಲವರಿಗೆ ಸಿಟ್ಟು ಬಂತು, ನಮ್ಮದನ್ನು ಅವರದು ಅಂತಾಳೆ ಅಂತ. ಆಕೆ ಹಾಗೆ ಹೇಳಿರಲೇ ಇಲ್ಲ. ದೂರದಲ್ಲಿದ್ದು ನಮ್ಮದನ್ನು ನೆನೆಸಿಕೊಂಡಿದ್ದಳು, ಅಷ್ಟೇ. ಒಂದು ಸಾಲಿಗೆ ಎರಡು ಅರ್ಥ ಬರುವುದಾದರೆ ಒಳ್ಳೆಯ ಅರ್ಥವನ್ನೇ ಹಿಡಿಯಿರಿ. ಅನುಮಾನ ಇದ್ದರೆ "ಹೀಗಂದ್ರಾ?" ಅಂತ ಕೇಳಿ.

ದುಡಿದು ಉಣ್ಣುವವರು ನಮ್ಮ ನಡುವೆ ಇದ್ದಾರೆ

ಇದನ್ನು ಹೇಳುವಾಗ ನನ್ನ ದನಿ ಸ್ವಲ್ಪ ಏರುತ್ತದೆ. ನಮ್ಮಲ್ಲಿ ಹಲವರಿಗೆ ಕಸೂತಿ ಹವ್ಯಾಸ. ಕೆಲವರಿಗೆ ಅದೇ ಮನೆಯ ಖರ್ಚು. ಸೀರೆಗೆ ಇಷ್ಟು ಅಂತ ಮಾತಾಡಿ ಹಾಕಿಕೊಡುತ್ತಾರೆ. ಅಂಥವರು ಫೋಟೋ ಹಾಕಿದಾಗ ಎಲ್ಲರ ಮುಂದೆ "ಎಷ್ಟು ತಗೊಂಡ್ರಿ?" ಅಂತ ಕೇಳಬೇಡಿ. "ಇಷ್ಟಕ್ಕೆ ಅಷ್ಟಾ? ನಾನಾದ್ರೆ ಅರ್ಧಕ್ಕೆ ಹಾಕಿಕೊಡ್ತಿದ್ದೆ" ಅಂತ ಖಂಡಿತಾ ಅನ್ನಬೇಡಿ. ಹವ್ಯಾಸಕ್ಕೆ ಹಾಕುವವರು ಸುಮ್ನೆ ಆಡಿದ ಆ ಮಾತಿನಿಂದ ಆಕೆಯ ಮುಂದಿನ ಗಿರಾಕಿ ಚೌಕಾಸಿ ಶುರು ಮಾಡುತ್ತಾರೆ. ನಮ್ಮ ಬಳಗದಲ್ಲಿ ಗಿರಾಕಿಗಳೂ ಇದ್ದಾರೆ, ಅವರೂ ಓದುತ್ತಾರೆ. ಬೆಲೆ ಬೇಕಾದರೆ ಆಕೆಗೆ ಫೋನ್ ಮಾಡಿ.

"ಹೆಂಗೂ ಹಾಕ್ತೀರಲ್ಲ, ನಮ್ಮ ಸೊಸೆಗೆ ಒಂದು ಸಣ್ಣ ಅಂಚು ಹಾಕಿಕೊಡ್ರಿ" ಅಂತ ಪುಕ್ಕಟೆ ಕೇಳೋದೂ ಬೇಡ. ಸಣ್ಣ ಅಂಚು ಅನ್ನೋದು ನೋಡುವವರಿಗೆ ಸಣ್ಣದು. ಇಲ್ಲ ಅನ್ನೋದಕ್ಕೆ ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ಸಂಕೋಚ ಜಾಸ್ತಿ. ಅವರ ಆ ಸಂಕೋಚವನ್ನು ಬಳಸಿಕೊಳ್ಳಬೇಡಿ.

"ಇದು ಕೈದೋ, ಮಷಿನ್‌ದೋ?" ಅನ್ನುವ ಪ್ರಶ್ನೆಯೂ ಹಾಗೆಯೇ. ಕಸೂತಿಗೆ ಭೌಗೋಳಿಕ ಸೂಚಕ, ಅಂದರೆ ಇದು ಈ ಸೀಮೆಯದೇ ಕಸುಬು ಅನ್ನುವ ಜಿಐ ಗುರುತು ಸಿಕ್ಕಿದೆ, ಕರ್ನಾಟಕ ರಾಜ್ಯ ಕರಕುಶಲ ಅಭಿವೃದ್ಧಿ ನಿಗಮದ ಹೆಸರಿನಲ್ಲಿ ನೋಂದಣಿ ಆಗಿದೆ. ಹಾಗಿದ್ದೂ ಅದೇ ಚಿತ್ತಾರವನ್ನು ಕಂಪ್ಯೂಟರ್ ಮಷಿನ್‌ನಲ್ಲಿ ಹೊಡೆದು ಮಾರೋದು ನಿಂತಿಲ್ಲ, ಕೊಳ್ಳುವವರಿಗೆ ಅನುಮಾನ ಬರೋದು ಸಹಜ. ಆದರೆ ಆರು ತಿಂಗಳು ಕಣ್ಣು ಸವೆಸಿ ಹಾಕಿದವಳಿಗೆ ಆ ಪ್ರಶ್ನೆ ಕೇಳಿದರೆ ಎದೆಗೆ ಚುಚ್ಚುತ್ತದೆ. ನನಗೆ ಮಷಿನ್ ಕೆಲಸ ಗೊತ್ತು, ಹಾಗಾಗಿ ಹೇಳುತ್ತೇನೆ: ಮಷಿನ್ ಕಸೂತಿಯ ಹಿಂಬದಿಯಲ್ಲಿ ಸಾಮಾನ್ಯವಾಗಿ ಬಾಬಿನ್ ದಾರ, ಅಂದರೆ ಮಷಿನ್ ಕೆಳಗಿನಿಂದ ಬರುವ ಬೇರೆ ದಾರ ಕಾಣುತ್ತದೆ. ಕೈಯ ಗವಂತಿಯಲ್ಲಿ ಹಿಂದೆಯೂ ಅದೇ ಬಣ್ಣ, ಅದೇ ಗೆರೆ. ಕೊಳ್ಳುವಾಗ ಕೈಯಲ್ಲಿ ಹಿಡಿದು ನೋಡಿ ತಿಳಿದುಕೊಳ್ಳಿ. ಫೋಟೋ ನೋಡಿ ಆರೋಪ ಮಾಡಬೇಡಿ.

ಚಿತ್ತಾರ ಯಾರದು

ಗೋಪುರ, ತೇರು, ತೊಟ್ಟಿಲು, ಬೃಂದಾವನ, ಆನೆ ಅಂಬಾರಿ ಯಾರೊಬ್ಬರ ಸ್ವತ್ತೂ ಅಲ್ಲ. ಬೇಕಾದವರು ಹಾಕಲಿ. ಆದರೆ ಹಳೇ ಸೀರೆ ನೋಡಿ ಯಾರಾದರೂ ಚೌಕದ ಹಾಳೆಯ ಮೇಲೆ ಒಂದೊಂದೇ ಎಳೆ ಲೆಕ್ಕ ಹಾಕಿ ಬಿಡಿಸಿದ್ದರೆ ಆ ಹಾಳೆ ಅವರ ದುಡಿಮೆ. ಬೇರೆ ಕಡೆ ಕಳಿಸುವ ಮೊದಲು ಕೇಳಿ, ಕಳಿಸುವಾಗ ಅವರ ಹೆಸರು ಹಾಕಿ. ಹೆಸರು ಕತ್ತರಿಸಿದ ಫೋಟೋ ಬಂದರೆ ನಾನು ತೆಗೆದುಹಾಕುತ್ತೇನೆ. ಅಜ್ಜಿಯ ಸೀರೆಯ ಫೋಟೋ ಹಾಕಿದವರನ್ನೂ ಹಾಗೇ ಕೇಳಿ. ಕೆಲವು ಸೀರೆಯ ಹಿಂದೆ ಮನೆಯವರು ಹಂಚಿಕೊಳ್ಳಲು ಇಷ್ಟಪಡದ ಸಂಗತಿ ಇರುತ್ತದೆ.

ಎದುರೆದುರು ಸೇರಿದಾಗ

ಭಾನುವಾರದ ಕೂಟದಲ್ಲಿ ಗಿರ್ಮಿಟ್, ಮಿರ್ಚಿ, ಚಹಾ ಇದ್ದೇ ಇರುತ್ತದೆ. ಒಂದೇ ನೇಮ: ತಿಂದ ಕೈಯಲ್ಲಿ ಇನ್ನೊಬ್ಬರ ಬಟ್ಟೆ ಮುಟ್ಟಬಾರದು. ಸೋಪು ಹಚ್ಚಿ ತೊಳೆದು, ಒರೆಸಿ, "ನೋಡ್ಲ್ಯಾ ರೀ?" ಅಂತ ಕೇಳಿ ತೆಗೆದುಕೊಳ್ಳಿ. ಎಣ್ಣೆಯ ಕಲೆ ಬಿಳಿ ದಾರದಿಂದ ಹೋಗೋದು ಬಹಳ ಕಷ್ಟ. ಬಟ್ಟೆ ಜಗ್ಗಿ ನೋಡಬೇಡಿ. ಅರ್ಧ ಹಾಕಿದ ಕಡೆ ಸೂಜಿ ಸಿಕ್ಕಿಸಿಟ್ಟಿದ್ದರೆ ಅದನ್ನು ಕೀಳಬೇಡಿ, ಅದು ಅವರ ಎಣಿಕೆಯ ಗುರುತು. ಯಾರಾದರೂ ತುಟಿ ಅಲ್ಲಾಡಿಸುತ್ತಾ ಕೂತಿದ್ದರೆ ಎಣಿಸುತ್ತಿದ್ದಾರೆ ಅಂತ ಅರ್ಥ, ಸಾಲು ಮುಗಿಯೋವರೆಗೆ ಮಾತಾಡಿಸಬೇಡಿ.

ಅದೇ ಪ್ರಶ್ನೆ, ಮತ್ತೆ ಮತ್ತೆ

ಹೊಸಬರು ಕೇಳೋದು ನಾಲ್ಕೇ ಪ್ರಶ್ನೆ. ಯಾವ ಸೂಜಿ? ಎಷ್ಟು ಎಳೆ ದಾರ? ಯಾವ ಬಟ್ಟೆ? ಗಂಟಿಲ್ಲದೆ ಹೇಗೆ ಶುರು ಮಾಡೋದು? ಹಳಬರಿಗೆ ಬೇಜಾರಾಗುತ್ತದೆ, ನಿಜ. "ಮೇಲೆ ಹೇಳಿದ್ದೇವೆ, ಹುಡುಕಿ" ಅಂತ ಒರಟಾಗಿ ಬರೆದವರಿದ್ದಾರೆ. ಹುಡುಕೋದು ಹೇಗೆ ಅಂತ ಗೊತ್ತಿಲ್ಲದೇ ಇರಬಹುದು. ನಾನು ಉತ್ತರ ಬರೆದು ಫೋನಿನಲ್ಲಿ ಇಟ್ಟುಕೊಂಡಿದ್ದೇನೆ: ಕಲಿಯೋದಕ್ಕೆ ಮ್ಯಾಟಿ ಬಟ್ಟೆ (ಎಳೆ ಎಣಿಸೋಕೆ ಸುಲಭವಾದ ದಪ್ಪ ನೇಯ್ಗೆಯದು) ತಗೊಳ್ಳಿ, ಮೊಂಡು ತುದಿಯ ಸೂಜಿ ಸಾಕು, ಆಂಕರ್ ದಾರದ ಆರು ಎಳೆಯಲ್ಲಿ ಎರಡು ಬಿಡಿಸಿಕೊಳ್ಳಿ, ದಾರದ ತುದಿ ಬೆರಳುದ್ದ ಬಿಟ್ಟು ಶುರು ಮಾಡಿ ಆಮೇಲೆ ಆ ತುದಿಯನ್ನು ಹೊಲಿಗೆಯೊಳಗೆ ಸೇರಿಸಿ. ಕೇಳಿದವರ ಹೆಸರು ಹಿಡಿದು "ಅಕ್ಕಾರ" ಅಂತ ಸೇರಿಸಿ ಕಳಿಸಿದರೆ ಮುಗಿಯಿತು.

ಯಾರೂ ಉತ್ತರ ಕೊಡದೇ ಇರೋದು ಬೈಯ್ಯೋದಕ್ಕಿಂತ ಕೆಟ್ಟದ್ದು. ಉತ್ತರ ಗೊತ್ತಿಲ್ಲದಿದ್ದರೆ "ಗದಗದ ವೈನಿಗೆ ಗೊತ್ತಿರಬಹುದು, ಸಂಜೆ ನೋಡ್ತಾರೆ" ಅಂತಾದರೂ ಬರೆಯಿರಿ.

ಬರವಣಿಗೆಯ ತಪ್ಪು ತಿದ್ದಬೇಡಿ. ನಮ್ಮಲ್ಲಿ ಮರಾಠಿ ಮನೆಮಾತಿನವರು, ಉರ್ದು ಮನೆಮಾತಿನವರು ಇದ್ದಾರೆ. ಬರೆಯಲು ಕಷ್ಟಪಡುವವರು ಮಾತಾಡಿ ಕಳಿಸುತ್ತಾರೆ. ಅದನ್ನು ಪೂರ್ತಿ ಕೇಳಿ, ನೀವೂ ಮಾತಾಡಿಯೇ ಉತ್ತರ ಕೊಡಿ. ವಯಸ್ಸಾಗಿ ಕಣ್ಣು ಮಂಜಾದವರು ಈಗ ಹೊಲಿಯೋದಿಲ್ಲ, ಆದರೆ ಚಿತ್ತಾರದ ಎಣಿಕೆ ಬಾಯಲ್ಲೇ ಇದೆ. ಅವರಿಗೆ ಹಗಲು ಹೊತ್ತು ಫೋನ್ ಮಾಡಿ ಕೇಳಿ, ಬರೆದುಕೊಳ್ಳಿ, ಬಳಗಕ್ಕೆ ಅವರ ಹೆಸರಿನಲ್ಲೇ ಕಳಿಸಿ.

ಕೇಳುವವರೂ ಸ್ವಲ್ಪ ನೋಡಿಕೊಳ್ಳಬೇಕು

ನೆರವು ಕೇಳುವವರ ಕಡೆಯಿಂದಲೂ ಕೆಲವು ಆಗಬೇಕು. ರಾತ್ರಿ ಹಳದಿ ದೀಪದಲ್ಲಿ ತೆಗೆದ ಫೋಟೋದಲ್ಲಿ ಎಳೆ ಕಾಣೋದಿಲ್ಲ. ಬೆಳಿಗ್ಗೆ ಕಿಟಕಿಯ ಹತ್ತಿರ ಬಟ್ಟೆ ಹರಡಿ, ನೆರಳು ಬೀಳದ ಹಾಗೆ ಮೇಲಿನಿಂದ ತೆಗೆಯಿರಿ. ಒಂದು ಪೂರ್ತಿ ಚಿತ್ತಾರದ್ದು, ಒಂದು ತೊಂದರೆ ಇರುವ ಜಾಗದ್ದು. ಪಕ್ಕದಲ್ಲಿ ಸೂಜಿ ಇಟ್ಟರೆ ಅಳತೆ ಗೊತ್ತಾಗುತ್ತದೆ. ಯಾವ ಬಟ್ಟೆ, ಕ್ಯಾನ್ವಾಸ್ ಇದೆಯೋ ಇಲ್ಲವೋ, ಎಷ್ಟು ಎಳೆಗೆ ಒಂದು ಹೊಲಿಗೆ, ಎಲ್ಲಿಂದ ಶುರು ಮಾಡಿದಿರಿ, ಇಷ್ಟು ಬರೆದರೆ ಎಣಿಸುವವರ ಕೆಲಸ ಅರ್ಧ ಆಯಿತು.

ಉತ್ತರಕ್ಕೆ ಅವಸರ ಮಾಡಬೇಡಿ. ಎಲ್ಲರಿಗೂ ಒಲೆ, ಮಕ್ಕಳು, ನೌಕರಿ ಇವೆ. ಶ್ರಾವಣದಲ್ಲಿ, ಪಂಚಮಿ ಹಬ್ಬದ ಹೊತ್ತಿಗೆ ಅರ್ಧ ಬಳಗ ತವರಿಗೆ ಹೋಗಿರುತ್ತದೆ. ಇಬ್ಬರು ಬೇರೆ ಬೇರೆ ಉತ್ತರ ಕೊಟ್ಟರೆ ಒಬ್ಬರ ಮಾತು ಹಿಡಿದು ಇನ್ನೊಬ್ಬರನ್ನು ಚುಚ್ಚಬೇಡಿ. ಇಬ್ಬರಿಗೂ ಒಳ್ಳೆಯ ಮಾತು ಹೇಳಿ, ಬಟ್ಟೆಯ ಮೂಲೆಯಲ್ಲಿ ಎರಡನ್ನೂ ಹಾಕಿ ನೋಡಿ.

ಆಮೇಲೆ ಏನಾಯಿತು ಅನ್ನೋದನ್ನು ತಪ್ಪದೆ ಹೇಳಿ. ಬಹಳ ಜನ ಉತ್ತರ ತೆಗೆದುಕೊಂಡು ಮರೆತುಬಿಡುತ್ತಾರೆ. ಎಣಿಸಿ ಹೇಳಿದವರು ಕೂಡಿತೋ ಇಲ್ಲವೋ ಅಂತ ಕಾಯುತ್ತಿರುತ್ತಾರೆ. ಕೂಡಿದ್ದರೆ ಫೋಟೋ ಹಾಕಿ. ಕೂಡದಿದ್ದರೂ ಹಾಕಿ, ಮತ್ತೆ ಎಣಿಸೋಣ. ಎಲ್ಲಿ ತಪ್ಪಿತ್ತು, ಎಷ್ಟು ಬಿಚ್ಚಿದಿರಿ ಅಂತ ಒಂದು ಸಾಲು ಬರೆದರೆ ಮುಂದೆ ಅದೇ ಬೃಂದಾವನದಲ್ಲಿ ಅದೇ ಮೆಟ್ಟಿಲ ಹತ್ತಿರ ಸಿಕ್ಕಿಕೊಂಡವರಿಗೆ ಅದು ಸಿಗುತ್ತದೆ.